ತಾಳೆ ತೋಟದ ಮಣ್ಣು ಮತ್ತು ಬೇರುಗಳಲ್ಲಿರುವ ಇಂಗಾಲವನ್ನು ಅಳೆಯುವ ಬಗೆ

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ. 2 ಎಂದು ಬಂದರೆ ಅದು ಫಲವತ್ತತೆಯ ಸೂಚನೆಯೇ ಹೊರತು, ತೋಟದಲ್ಲಿ ಎಷ್ಟು ಟನ್ ಇಂಗಾಲ ಕೂತಿದೆ ಎಂಬ ಲೆಕ್ಕವಲ್ಲ. ಶಿರಸಿ, ಸಿದ್ದಾಪುರ, ಕುಮಟಾದ ಕಡೆಯ ಚಿರೆಕಲ್ಲಿನ ನೆಲದಲ್ಲಿ ಎಣ್ಣೆ ತಾಳೆ ಹಾಕಿದವರು ಈ ಲೆಕ್ಕ ತೆಗೆಯಬೇಕಾದರೆ ಎಲ್ಲಿ ಅಗೆಯಬೇಕು, ಜಲ್ಲಿಯನ್ನು ಹೇಗೆ ಕಳೆಯಬೇಕು ಎಂಬೆರಡನ್ನು ಮೊದಲು ಸರಿಮಾಡಿಕೊಳ್ಳಬೇಕು.

ತಾಳೆಯನ್ನು ಸಾಮಾನ್ಯವಾಗಿ 9 ಮೀಟರ್ ಅಂತರದಲ್ಲಿ ತ್ರಿಕೋನಾಕಾರವಾಗಿ ನೆಡುವುದರಿಂದ ಹೆಕ್ಟೇರಿಗೆ 143 ಗಿಡಗಳು ಬರುತ್ತವೆ. ಒಂದು ಗಿಡದ ಪಾಲಿಗೆ ಸುಮಾರು 70 ಚದರ ಮೀಟರ್ ನೆಲ. ಇದರಲ್ಲಿ ಗೊಬ್ಬರ ಬೀಳುವ, ಬೇರು ದಟ್ಟವಾಗಿರುವ ಬುಡದ ಪಾತಿ 2 ಮೀಟರ್ ತ್ರಿಜ್ಯದ್ದಾದರೆ ಅದು ಕೇವಲ ಶೇ. 18ರಷ್ಟು ಜಾಗ. ಆದ್ದರಿಂದ ಬುಡದ ಮಣ್ಣನ್ನಷ್ಟೇ ತೆಗೆದು ಇಡೀ ತೋಟಕ್ಕೆ ಹಚ್ಚುವುದು ತಪ್ಪು. ಪಾತಿ, ಕಡಿದ ಸೋಗೆ ರಾಶಿ ಹಾಕುವ ಸಾಲು, ಕೊಯ್ಲಿಗೆ ಓಡಾಡಿ ಗಟ್ಟಿಯಾದ ದಾರಿ, ಉಳಿದ ತೆರಪು ಇವನ್ನು ಬೇರೆಬೇರೆಯಾಗಿ ಅಳೆದು, ಪ್ರತಿಯೊಂದರ ವಿಸ್ತೀರ್ಣಕ್ಕೆ ತಕ್ಕಂತೆ ಸರಾಸರಿ ಕಟ್ಟಬೇಕು. ಒಂದೊಂದಕ್ಕೆ ಕನಿಷ್ಠ ಮೂರು ಗುಂಡಿಗಳಾದರೂ ಇರಲಿ, ಅವು ಇಳಿಜಾರಿನ ಮೇಲೆ ಕೆಳಗೆ ಹರಡಿರಲಿ. ಮಳೆ ನಿಂತು ಮಣ್ಣು ಪುಡಿಯಾಗುವಷ್ಟು ಆರಿದ ಮೇಲೆ, ಅಡಿಕೆ ಗೊನೆ ಕೊಯ್ಲಿನ ಗಡಿಬಿಡಿಗೆ ಮುಂಚೆ ಈ ಕೆಲಸ ಮುಗಿಸುವುದು ಅನುಕೂಲ.

ಮಣ್ಣಿನ ಮಾದರಿ ತೆಗೆಯಲು ಬಳಸುವ ಉಕ್ಕಿನ ಬಳೆ ನಮ್ಮ ಜಲ್ಲಿಮಣ್ಣಿಗೆ ಇಳಿಯುವುದಿಲ್ಲ. ಅದನ್ನು ಬಡಿದು ಹೊಡೆಯುವುದಕ್ಕಿಂತ ಗುಂಡಿ ತೋಡುವುದೇ ವಾಸಿ. ಮೇಲಿನ ಕಸ ಸರಿಸಿ, 20 ಸೆಂ.ಮೀ. ಉದ್ದ, ಅಷ್ಟೇ ಅಗಲ, 30 ಸೆಂ.ಮೀ. ಆಳಕ್ಕೆ ತೋಡಿ, ಒಂದು ಚೂರೂ ಚೆಲ್ಲದಂತೆ ಎಲ್ಲ ಮಣ್ಣನ್ನೂ ಚೀಲಕ್ಕೆ ತುಂಬಬೇಕು. ಆಮೇಲೆ ಗುಂಡಿಯೊಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಅಳತೆಯ ಪಾತ್ರೆಯಿಂದ ಅಂಚಿನವರೆಗೆ ನೀರು ಹೊಯ್ದರೆ ಗುಂಡಿಯ ನಿಜವಾದ ಗಾತ್ರ ಸಿಗುತ್ತದೆ. ಗೋಡೆಗಳು ನೇರವಾಗಿದ್ದರೆ ಅದು 12 ಲೀಟರ್ ಆಸುಪಾಸು ಇರುತ್ತದೆ. ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಬೇರುಗಳನ್ನು ಹೆಕ್ಕಿಟ್ಟು, 2 ಮಿ.ಮೀ. ಜರಡಿ ಹಿಡಿದು, ಕೆಳಗೆ ಬಿದ್ದ ನಯಮಣ್ಣನ್ನು ಮಾತ್ರ ತೂಗಬೇಕು. ಪ್ರಯೋಗಾಲಯದಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಚಿಟಿಕೆ ಒಣಗಿಸಿ ತೇವಾಂಶ ಎಷ್ಟೆಂದು ನೋಡಿ, ಅದನ್ನು ನಯಮಣ್ಣಿನ ತೂಕದಿಂದ ಕಳೆಯಬೇಕು.

12 ಲೀಟರ್ ಗುಂಡಿಯಲ್ಲಿ ಒಟ್ಟು 16.8 ಕಿಲೋ ಒಣಮಣ್ಣಿದ್ದು, ಅದರಲ್ಲಿ ನಯಮಣ್ಣು 9.6 ಕಿಲೋ ಎಂದಿಟ್ಟುಕೊಳ್ಳೋಣ. ಲೀಟರಿಗೆ 0.8 ಕಿಲೋ, ಅದನ್ನು 30 ಸೆಂ.ಮೀ. ಆಳದಿಂದಲೂ ಇಂಗಾಲದ ಶೇಕಡಾ 2ರಿಂದಲೂ ಗುಣಿಸಿದರೆ ಹೆಕ್ಟೇರಿಗೆ 48 ಟನ್. ಜಲ್ಲಿಯನ್ನೂ ಮಣ್ಣೆಂದು ಎಣಿಸಿದ್ದರೆ ಲೆಕ್ಕ 84 ಟನ್ನಿಗೆ ಏರುತ್ತಿತ್ತು. ಪ್ರಯೋಗಾಲಯದವರು 1934ರ ವಾಕ್ಲಿ–ಬ್ಲ್ಯಾಕ್ ವಿಧಾನ ಬಳಸಿದ್ದರೆ ಅದು ಇಂಗಾಲದ ಸುಮಾರು ಶೇ. 77ನ್ನು ಮಾತ್ರ ಹಿಡಿಯುತ್ತದೆ, ಆ ಕೊರತೆ ತುಂಬಲು 1.3ರಿಂದ ಗುಣಿಸಿದ್ದಾರೋ ಇಲ್ಲವೋ ಎಂದು ಕೇಳಿಯೇ ಅಂಕಿ ಬರೆದುಕೊಳ್ಳಿ.

ತಾಳೆಗೆ ತಾಯಿಬೇರಿಲ್ಲ, ಬುಡದಿಂದ ಹೊರಟ ಬೇರುಗಳಲ್ಲಿ ಹೆಚ್ಚಿನವು ಮೇಲಿನ 60 ಸೆಂ.ಮೀ.ನಲ್ಲೇ ಹರಡುತ್ತವೆ. ಹಾಗಾಗಿ ಬೇರಿಗಾಗಿ ಅದೇ ಗುಂಡಿಯನ್ನು 60ರವರೆಗೆ ಇಳಿಸಿ, ಕೆಳಪದರವನ್ನು ಬೇರೆ ಚೀಲದಲ್ಲಿಡಿ. ತೊಳೆದ ಬೇರನ್ನು 70 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದ ಮೇಲೆ, ಆ ಗುಂಡಿಯ ಪ್ರತಿ 1 ಗ್ರಾಂ ಹೆಕ್ಟೇರಿಗೆ 250 ಕಿಲೋ ಒಣಬೇರಿಗೆ ಸಮ. ಅದರಲ್ಲಿ ಇಂಗಾಲ ಅರ್ಧಕ್ಕಿಂತ ತುಸು ಕಡಿಮೆ. ಕಾಂಡದ ತಳದ ದಪ್ಪ ಗಡ್ಡೆ ಈ ಲೆಕ್ಕಕ್ಕೆ ಬರುವುದಿಲ್ಲ.

ಅಂಕಿಗೆ ಅರ್ಥ ಬರುವುದು ಹೋಲಿಕೆಯಿಂದ. ಪಕ್ಕದ ಪಾಳುಗದ್ದೆಯಲ್ಲೂ, ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದಲ್ಲೂ ಇದೇ ಕ್ರಮದಲ್ಲಿ ಅಗೆದು ನೋಡಿ. ಬೆಟ್ಟದ ದರಕು (ಉದುರಿದ ಒಣಎಲೆ) ಗುಡಿಸಿ ತೋಟಕ್ಕೆ ಸುರಿದು ಹೆಚ್ಚಿದ ಇಂಗಾಲ ಬರೀ ಜಾಗ ಬದಲಿಸಿದ್ದು, ಅದನ್ನು ಗಳಿಕೆಯೆಂದು ಬರೆಯಬಾರದು. ಬೆಟ್ಟವನ್ನೇ ಕಡಿದು ತಾಳೆ ಹಾಕಿದರಂತೂ ಕಡಿದ ಮರಗಳ ಇಂಗಾಲವನ್ನು ನಷ್ಟದ ಕಡೆ ಹಾಕಲೇಬೇಕು. ಐದು ವರ್ಷದ ನಂತರ ಅದೇ ತಿಂಗಳಲ್ಲಿ, ಬುಡದಿಂದ ಅಷ್ಟೇ ದೂರದಲ್ಲಿ, ಆದರೆ ಹಳೆಯ ಗುಂಡಿಯ ಮೇಲಲ್ಲದೆ ಮತ್ತೆ ತೋಡಿ. ಬೇರೆಯವರ ಅಂಕಿಯೊಂದಿಗೆ ಹೋಲಿಸಿ ನೋಡುವಾಗ ಅದು ಇಂಗಾಲವೋ ಇಂಗಾಲದ ಡೈಆಕ್ಸೈಡೋ ಎಂದು ಗಮನಿಸಿ, ಏಕೆಂದರೆ ಮೇಲಿನ 48 ಟನ್ನೇ ಎರಡನೆಯ ಲೆಕ್ಕದಲ್ಲಿ 176 ಆಗುತ್ತದೆ.