ಟಾರ್ಟಾಯ್ಸ್‌ಗೆ ಕಿವಿ ಪಳಗಿಸುವ ಬಗೆ

ಷಿಕಾಗೊದ ಟಾರ್ಟಾಯ್ಸ್ ತಂಡದ ಸಂಗೀತ ಎಂಥದ್ದು ಎಂದು ಕೇಳಿದರೆ ಅದರ ಅಭಿಮಾನಿಗಳೂ ತಡವರಿಸುತ್ತಾರೆ. ರಾಕ್ ಅನ್ನೋಣವೆಂದರೆ ಹಾಡುವವರಿಲ್ಲ, ಜಾಝ್ ಅನ್ನೋಣವೆಂದರೆ ಒಬ್ಬರು ಮುಂದೆ ನಿಂತು ಮೆರೆಯುವ ಸೋಲೊ ಅಪರೂಪ. ಬೇಸ್ ಗಿಟಾರ್ ಜಮೈಕಾದ ಡಬ್ (ಬೇಸ್ ಮತ್ತು ಪ್ರತಿಧ್ವನಿಯನ್ನೇ ಮುಂದಿಡುವ ರೆಗ್ಗೇ ಬಗೆ) ಕಡೆಗೆ ಎಳೆಯುತ್ತದೆ; ಕೋಲಿನಿಂದ ಬಾರಿಸುವ ಮರಿಂಬಾ, ಸಣ್ಣ ಸ್ವರಗುಂಪುಗಳನ್ನು ತಿರುತಿರುಗಿ ನುಡಿಸಿ ಸಂಗೀತ ಕಟ್ಟುವ ಅಮೆರಿಕದ ಸಂಯೋಜಕ ಸ್ಟೀವ್ ರೈಕ್ ಕಡೆಗೆ. 'ಪೋಸ್ಟ್-ರಾಕ್' (ರಾಕ್ ವಾದ್ಯಗಳಿಂದಲೇ ರಾಕ್ ಅಲ್ಲದ ಸಂಗೀತ ಕಟ್ಟುವ ಬಗೆ) ಎಂಬ ಚೀಟಿಯನ್ನು ನಂಬಿ ಬಂದವರಿಗೇ ಹೆಚ್ಚು ನಿರಾಸೆ. ಮೆಲ್ಲಗೆ ಶುರುವಾಗಿ ಕೊನೆಗೆ ಗಿಟಾರ್‌ಗಳೆಲ್ಲ ಒಟ್ಟಿಗೆ ಮುಗಿಲು ಮುಟ್ಟುತ್ತವೆ ಎಂದು ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ.

ಮೊದಲು ಫೋನ್ ಸ್ಪೀಕರ್ ಬಿಡಿ. ಈ ತಂಡ ಹುಟ್ಟಿದ್ದೇ ಬೇಸ್ ಮತ್ತು ಡ್ರಮ್ಸ್ ಜೋಡಿಯಿಂದ. 1994ರ ಮೊದಲ ಆಲ್ಬಮ್ಮಿನಲ್ಲಂತೂ ಎರಡೆರಡು ಬೇಸ್ ಗಿಟಾರ್‌ಗಳಿವೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ; ಫೋನಿನ ಪುಟ್ಟ ಸ್ಪೀಕರಿಗೆ ಆ ಆಳ ನಿಲುಕುವುದಿಲ್ಲ, ಅರ್ಧ ಸಂಗೀತ ಅಲ್ಲೇ ಮಾಯ. ದುಬಾರಿ ಹೆಡ್‌ಫೋನ್ ಏನೂ ಬೇಕಿಲ್ಲ. ಸಾಧಾರಣ ಇಯರ್‌ಫೋನ್ ಸಾಕು, ಆದರೆ ಅದರ ರಬ್ಬರ್ ತುದಿ ಕಿವಿಗೆ ಬಿಗಿಯಾಗಿ ಕೂರಬೇಕು. ಸಡಿಲವಾದರೆ ಮೊದಲು ಸೋರಿಹೋಗುವುದು ಬೇಸೇ. ಆಪ್‌ನಲ್ಲಿ ಶಫಲ್ (ಟ್ರ್ಯಾಕುಗಳ ಕ್ರಮ ಕಲಸುವುದು) ಮತ್ತು ಕ್ರಾಸ್‌ಫೇಡ್ (ಒಂದರ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವುದು) ಎರಡನ್ನೂ ಆಫ್ ಮಾಡಿ.

ಶುರುವಿಗೆ 1996ರ 'ಮಿಲಿಯನ್ಸ್ ನೌ ಲಿವಿಂಗ್ ವಿಲ್ ನೆವರ್ ಡೈ' ಆಲ್ಬಮ್ ಹಿಡಿಯಿರಿ, ಆದರೆ ಮೊದಲ ಟ್ರ್ಯಾಕಿನಿಂದ ಬೇಡ. ಅದು ಸುಮಾರು 21 ನಿಮಿಷದ 'ಜೆಡ್'. ಬಹಳಷ್ಟು ಜನ ಮುಗ್ಗರಿಸುವುದು ಆ ಹೊಸ್ತಿಲಲ್ಲೇ. ಎರಡನೆಯ 'ಗ್ಲಾಸ್ ಮ್ಯೂಸಿಯಂ' ಹಾಕಿ. ಐದೂವರೆ ನಿಮಿಷ, ದಿನಕ್ಕೊಂದು ಸಲ, ನಾಲ್ಕೈದು ದಿನ. ಬೇರೆ ಕೆಲಸದ ಹಿನ್ನೆಲೆಗೆ ಹಾಕಿಕೊಂಡರೆ ಇದು ಹೋಟೆಲ್ ಲಾಬಿಯ ಸಂಗೀತವಾಗಿಬಿಡುತ್ತದೆ, ಸುಮ್ಮನೆ ಕೂತು ಕೇಳಿ.

ಪ್ರತಿ ಸಲವೂ ಒಂದೇ ವಾದ್ಯದ ಬೆನ್ನು ಹತ್ತಿ. ಒಂದು ದಿನ ಬೇಸ್, ಮಾರನೆಯ ದಿನ ಗಿಟಾರ್, ಆಮೇಲೆ ವೈಬ್ರಾಫೋನ್. ಇದನ್ನು ಮರಿಂಬಾದಿಂದ ಬೇರ್ಪಡಿಸಿ ಗುರುತಿಸುವುದು ಕಲಿತರೆ ಈ ತಂಡದ ಅರ್ಧ ಕಗ್ಗಂಟು ಬಿಚ್ಚಿದಂತೆ. ಮರಿಂಬಾದ್ದು ಮರದ ಪಟ್ಟಿ: 'ಟೊಕ್' ಎಂದು ದುಂಡಗೆ ನುಡಿದು ಬೇಗ ಅಡಗುತ್ತದೆ. ವೈಬ್ರಾಫೋನಿನದು ಲೋಹದ ಪಟ್ಟಿ. ಕೆಳಗಿನ ಕೊಳವೆಗಳ ಬಾಯಲ್ಲಿ ಮೋಟಾರಿನಿಂದ ತಿರುಗುವ ಬಿಲ್ಲೆಗಳಿರುತ್ತವೆ; ಅವು ಬಾಯಿ ತೆರೆದು ಮುಚ್ಚಿದಂತೆಲ್ಲ ನಾದ ಅಲೆಅಲೆಯಾಗಿ ನಡುಗುತ್ತ ಬಹುಹೊತ್ತು ಉಳಿಯುತ್ತದೆ.

ಈಗ 'ಜೆಡ್'. ಒಂದೇ ಗುಕ್ಕಿಗೆ ನುಂಗಬೇಡಿ. ಮೊದಲ ಹತ್ತು ನಿಮಿಷ ಬೇಸ್ ಮತ್ತು ಡ್ರಮ್ಸ್ ಓಡಿಸುವ ಬಂಡಿ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋದ ಹಾಗೆ. ಒಂದು ದಿನಕ್ಕೆ ಅಷ್ಟು ಸಾಕು. ಮುಂದೆ ಮರಿಂಬಾ, ವೈಬ್ರಾಫೋನಿನಂಥ ಕೋಲುವಾದ್ಯಗಳು ಸಣ್ಣ ಸಣ್ಣ ಸ್ವರಗುಂಪುಗಳನ್ನು ತಿರುತಿರುಗಿ ನುಡಿಸುತ್ತವೆ; ಬೆರಳಲ್ಲಿ ಎಣಿಸುತ್ತ ಹೋಗಿ, ಒಂದು ಗುಂಪಿನ ಮೇಲೆ ಇನ್ನೊಂದು ಹೇಗೆ ಕೂರುತ್ತದೆ ಎಂಬುದು ತಿಳಿಯುತ್ತದೆ. ಸುಮಾರು 14ನೇ ನಿಮಿಷಕ್ಕೆ ಎಲ್ಲವೂ ಇದ್ದಕ್ಕಿದ್ದಂತೆ ತೊದಲಿ, ತುಂಡುತುಂಡಾಗಿ ಕುಸಿಯುತ್ತದೆ. ನೆಟ್ ಕೈಕೊಟ್ಟಿತೆಂದು ಫೋನ್ ಕುಕ್ಕಬೇಡಿ, ಫೈಲೂ ಕೆಟ್ಟಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ಆ ಕುಸಿತವನ್ನು ಕಾಯುವಷ್ಟು ಪರಿಚಯವಾದ ಮೇಲೆ ಇಡೀ ಟ್ರ್ಯಾಕನ್ನು ಒಂದೇ ಬೈಠಕ್ಕಿನಲ್ಲಿ ಕೇಳಿ.

ಅಲ್ಲಿಂದ 1998ರ 'ಟಿಎನ್‌ಟಿ'. ಜಾಝ್ ಹಿನ್ನೆಲೆಯ ಗಿಟಾರ್ ವಾದಕ ಜೆಫ್ ಪಾರ್ಕರ್ ಸೇರಿದ್ದು ಇದರಲ್ಲಿ. ಹಾರ್ಡ್ ಡಿಸ್ಕಿಗೆ ಮುದ್ರಿಸಿ, ಕತ್ತರಿಸಿ, ಜೋಡಿಸಿ ಕಟ್ಟಿದ ಆಲ್ಬಮ್. ಒಂದು ಗಂಟೆಗೂ ಮೀರುವುದರಿಂದ ಎರಡು ದಿನಕ್ಕೆ ಹಂಚಿಕೊಳ್ಳಿ. 'ಟೆನ್-ಡೇ ಇಂಟರ್ವಲ್' ಬಂದಾಗ ನಿಮ್ಮ ಮರಿಂಬಾ ಪಾಠ ಕೆಲಸಕ್ಕೆ ಬರುತ್ತದೆ.

ಇಷ್ಟಾದರೂ ಹತ್ತದಿದ್ದರೆ ಕಛೇರಿಯ ವಿಡಿಯೊ ನೋಡಿ. ಎರಡು ಡ್ರಮ್ ಸೆಟ್ ವೇದಿಕೆಯ ಮುಂಭಾಗದಲ್ಲೇ ಎದುರುಬದುರು ಇರುತ್ತವೆ, ವಾದಕರು ಟ್ರ್ಯಾಕಿಗೊಮ್ಮೆ ವಾದ್ಯ ಬದಲಿಸಿಕೊಳ್ಳುತ್ತಾರೆ. ಕಿವಿಗೆ ಕಲಸುಮೇಲೋಗರವಾಗಿದ್ದದ್ದು ಕಣ್ಣಿಗೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ.

2001ರ 'ಸ್ಟ್ಯಾಂಡರ್ಡ್ಸ್' ಹಾಕುವ ಮುನ್ನ ಮಾತ್ರ ವಾಲ್ಯೂಮ್ ಇಳಿಸಿಕೊಳ್ಳಿ, ಅದು ಗದ್ದಲದಿಂದಲೇ ಬಾಗಿಲು ತೆಗೆಯುತ್ತದೆ. 2016ರ 'ದ ಕೆಟಾಸ್ಟ್ರಫಿಸ್ಟ್‌'ನಲ್ಲಿ ಎರಡು ಕಡೆ ಯಾರೋ ಹಾಡುವುದು ಕೇಳಿಸುತ್ತದೆ. ತಪ್ಪು ಆಲ್ಬಮ್ ಹಾಕಿಲ್ಲ, ಅವರದ್ದೇ ಅದು.