ಲಿಬ್ರೆಆಫೀಸ್ ಬಳಸೋಕೆ ತೊಡಕಾದರೆ ಹೀಗೆ ಬರೆದು ಕಳಿಸಿ

ಗೆಳೆಯರೇ, ಪತ್ರ, ಲೆಕ್ಕ ಎಲ್ಲ ಮಾಡೋಕೆ ಬಳಸೋ ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಬೇಕಾದ ಬಟನ್ ಸಿಗಲ್ಲ, ಮೆನು ಅರ್ಥವಾಗಲ್ಲ ಅಂತ ಸುಮ್ನೆ ಬೈದುಕೊಂಡು ಬಿಟ್ಟುಬಿಡಬೇಡಿ. ಪ್ರೋಗ್ರಾಂ ಕೆಟ್ಟಿರಲೇಬೇಕು ಅಂತಿಲ್ಲ. ಬಳಸೋಕೆ ಕಷ್ಟ ಅನ್ನೋದನ್ನೂ ಲಿಬ್ರೆಆಫೀಸ್‌ನವರು ಬಗ್‌ಜಿಲ್ಲಾದಲ್ಲಿ (ತೊಂದರೆಗಳನ್ನು ದಾಖಲಿಸೋ ಅವರ ವೆಬ್‌ಸೈಟ್) ದೂರಾಗಿ ತೆಗೆದುಕೊಳ್ಳುತ್ತಾರೆ.

ಹೊಸ ದೂರು ಮೊದಲು 'ಅನ್‌ಕನ್ಫರ್ಮ್ಡ್' (ಇನ್ನೂ ಖಚಿತವಾಗಿಲ್ಲ) ಆಗಿರುತ್ತದೆ. ಬೇರೊಬ್ಬ ಸ್ವಯಂಸೇವಕರು ತಮ್ಮ ಕಂಪ್ಯೂಟರಿನಲ್ಲಿ ಮಾಡಿ ನೋಡಿ, ಹೌದು ಅಂದರೆ 'ನ್ಯೂ' (ಖಚಿತವಾದ ದೂರು) ಆಗುತ್ತದೆ. ವಿನ್ಯಾಸದ ಪ್ರಶ್ನೆಯಾದರೆ 'ನೀಡ್ಸ್ ಯುಎಕ್ಸ್ ಎವಾಲ್' (ಬಳಕೆದಾರರ ಅನುಭವದ ದೃಷ್ಟಿಯಿಂದ ಪರಿಶೀಲಿಸಬೇಕು) ಅನ್ನೋ ಗುರುತು ಹಾಕಿ ಡಿಸೈನ್ ತಂಡದ ಮುಂದೆ ಇಡುತ್ತಾರೆ. ವಿವರ ಸಾಲದಿದ್ದರೆ 'ನೀಡ್‌ಇನ್ಫೋ'. ಆಗ ದಯವಿಟ್ಟು ಉತ್ತರ ಕೊಡಿ, ಇಲ್ಲದಿದ್ದರೆ ಕೆಲವು ತಿಂಗಳಾದ ಮೇಲೆ ದೂರು ಮುಚ್ಚಿಹೋಗುತ್ತದೆ.

ಬರೆಯುವ ರೀತಿಯೇ ಮುಖ್ಯ. 'ಪುಟ ಸಂಖ್ಯೆ ಹಾಕೋದು ತುಂಬಾ ಕಷ್ಟ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: 'ಮೊದಲ 2 ಪುಟ ಬಿಟ್ಟು 3ನೇ ಪುಟದಿಂದ ಸಂಖ್ಯೆ ಶುರುವಾಗಬೇಕಿತ್ತು. ಮೊದಲು ಫಾರ್ಮ್ಯಾಟ್ ಮೆನುವಿನಲ್ಲಿ ಹುಡುಕಿದೆ, ಆಮೇಲೆ ಇನ್ಸರ್ಟ್‌ನಲ್ಲಿ. ಈ ಎರಡರಲ್ಲಿ ಒಂದು ಕಡೆ ಸಿಗುತ್ತದೆ ಅಂದುಕೊಂಡಿದ್ದೆ.' ನೀವು ಎಲ್ಲಿ ಹುಡುಕಿದಿರಿ ಅನ್ನೋದೇ ಅವರಿಗೆ ಬೇಕಾದ ಮಾಹಿತಿ. ರೂಪಿಸಿದವರಿಗೆ ಅದು ಎಲ್ಲಿದೆ ಅಂತ ಮೊದಲೇ ಗೊತ್ತಿರುತ್ತದೆ, ಅಲ್ವಾ?

ಜೊತೆಗೆ ಸ್ಕ್ರೀನ್‌ಶಾಟ್ ಇರಲಿ. ಹೆಲ್ಪ್ ಮೆನುವಿನ ಅಬೌಟ್‌ನಲ್ಲಿರುವ ಆವೃತ್ತಿಯ ವಿವರವನ್ನೂ ಕಾಪಿ ಮಾಡಿ ಹಾಕಿ. ಒಂದು ದೂರಿನಲ್ಲಿ ಒಂದೇ ತೊಂದರೆ ಬರೆಯಿರಿ. ಅದೇ ದೂರು ಮೊದಲೇ ಇದೆಯಾ ಅಂತ ಹುಡುಕಿ ನೋಡಿ. ಇದ್ದರೆ ನಿಮ್ಮ ಅನುಭವವನ್ನು ಅಲ್ಲೇ ಸೇರಿಸಿ. ಇಂಗ್ಲಿಷ್ ಚೆನ್ನಾಗಿ ಬರಲ್ಲ ಅಂತ ಹಿಂಜರಿಯಬೇಡಿ, ಚಿಕ್ಕ ಚಿಕ್ಕ ವಾಕ್ಯ ಸಾಕು.

ಕನ್ನಡ ಮೆನುವಿನ ಪದವೇ ಸರಿಯಿಲ್ಲ ಅನ್ನಿಸಿದರೆ ಅನುವಾದ ಮಾಡೋ ವೆಬ್‌ಸೈಟ್ ಆದ ವೆಬ್‌ಲೇಟ್‌ನಲ್ಲಿ ಖಾತೆ ಮಾಡಿಕೊಂಡು ಬೇರೆ ಪದ ಸೂಚಿಸಬಹುದು.