ನಮ್ಮ ಪೂಲ್ ಮುಚ್ಚಿಸಿದ ಕ್ಲೋರಿನ್ ಮಾತ್ರೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾವಿರುವ ಕಾಂಪ್ಲೆಕ್ಸಿಗೆ ಒಂದು ಪೂಲ್, ಪಕ್ಕದಲ್ಲೇ ಬಿಸಿನೀರಿನ ಸ್ಪಾ. ಅಸೋಸಿಯೇಷನ್ ಮೀಟಿಂಗಿನಲ್ಲಿ ಸುಮ್ನೆ ಕೂತಿದ್ದ ತಪ್ಪಿಗೆ ಎರಡರ ಉಸ್ತುವಾರಿಯೂ ನನ್ನ ತಲೆಗೆ ಬಂತು. ಇಲ್ಲಿ ಇರುವವರು ಮಾತ್ರ ಈಜಿದರೂ ಕಾನೂನಿನ ಲೆಕ್ಕದಲ್ಲಿ ಇದು ಪಬ್ಲಿಕ್ ಪೂಲ್. ಅದು ನನಗೆ ಗೊತ್ತಾಗಿದ್ದು ಕೌಂಟಿಯ ಇನ್‌ಸ್ಪೆಕ್ಟರ್ ಬಂದ ದಿನ.

ಅವರು ಬಂದವರೇ ನೀರು ಪರೀಕ್ಷಿಸುವ ಯಾವ ಕಿಟ್ಟನ್ನೂ ತೆಗೆಯಲಿಲ್ಲ. ಆಳದ ಕಡೆ ನಿಂತು ಬಗ್ಗಿ ನೋಡಿದರು. ತಳದ ಡ್ರೈನ್ ಮಸುಕು ಮಸುಕಾಗಿತ್ತು, ನೀರಿಗೆ ಒಂದು ಲೋಟ ಮಜ್ಜಿಗೆ ಸುರಿದ ಹಾಗೆ. ದಡದಿಂದ ಡ್ರೈನ್ ಸ್ಪಷ್ಟವಾಗಿ ಕಾಣದಿದ್ದರೆ ಪೂಲ್ ಬಂದ್. ಡ್ರೈನೇ ಕಾಣದಿದ್ದರೆ ಮುಳುಗಿದ ಮಗು ಹೇಗೆ ಕಾಣುತ್ತೆ, ಅಲ್ವಾ? ಗೇಟಿಗೆ ಬೋರ್ಡ್ ಬಿತ್ತು.

"ಕ್ಲೋರಿನ್ 3 ಪಿಪಿಎಂ ಇದೆ, ನಿಯಮ ಕೇಳೋದು 2" ಅಂತ ನಾನು ವಾದ ಮಾಡಿದೆ. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. "ಸ್ಟೆಬಿಲೈಸರ್ ಎಷ್ಟಿದೆ?" ಅಂದರು. ಅದನ್ನು ನಾನು ಒಂದು ಸಲವೂ ನೋಡಿರಲಿಲ್ಲ.

ವಿಷಯ ಇಷ್ಟೇ. ನಾವು ಹಾಕುತ್ತಿದ್ದದ್ದು ಟ್ರೈಕ್ಲೋರ್ ಮಾತ್ರೆ. ಅದರಲ್ಲಿ ಕ್ಲೋರಿನ್ ಜೊತೆ ಸಯನೂರಿಕ್ ಆಸಿಡ್ ಇರುತ್ತೆ, ಅವರು ಕೇಳಿದ ಸ್ಟೆಬಿಲೈಸರ್ ಇದೇ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದ ಹಾಗೆ ಅದು ಹಿಡಿದಿಟ್ಟುಕೊಳ್ಳುತ್ತೆ. ಸ್ವಲ್ಪ ಇದ್ದರೆ ಒಳ್ಳೆಯದೇ. ಆದರೆ ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಸೇರಿದರೆ ಸುಮಾರು 6 ಪಿಪಿಎಂ ಈ ಆಸಿಡ್ಡೂ ಸೇರುತ್ತೆ. ಕ್ಲೋರಿನ್ ಖರ್ಚಾಗುತ್ತೆ, ಇದು ಅಲ್ಲೇ ಉಳಿಯುತ್ತೆ. ಜಾಸ್ತಿಯಾದರೆ ಕ್ಲೋರಿನ್ನಿನ ಕೈಕಟ್ಟಿ ಕೂರಿಸುತ್ತೆ. ಟೆಸ್ಟಿನಲ್ಲಿ ನಂಬರ್ ಸರಿ, ಕೆಲಸ ಮಾತ್ರ ಸೊನ್ನೆ.

ಇದರ ಟೆಸ್ಟ್ ಒಂಥರಾ ಮಜಾ. ಪೂಲ್ ನೀರಿಗೆ ಔಷಧಿ ಬೆರೆಸಿದರೆ ಬೆಳ್ಳಗಾಗುತ್ತೆ. ತಳದಲ್ಲಿ ಕಪ್ಪು ಚುಕ್ಕಿ ಇರುವ ಕೊಳವೆಗೆ ಅದನ್ನು ನಿಧಾನವಾಗಿ ಸುರಿಯುತ್ತಾ ಮೇಲಿಂದ ನೋಡಬೇಕು. ಚುಕ್ಕಿ ಮಾಯವಾದ ಗೆರೆಯೇ ಉತ್ತರ. ಕೊಳವೆಯಲ್ಲಿ ದೊಡ್ಡ ನಂಬರ್ ಕೆಳಗೆ, ಚಿಕ್ಕದು ಮೇಲೆ; ಬೇಗ ಮಾಯವಾದಷ್ಟೂ ಆಸಿಡ್ ಜಾಸ್ತಿ. ನಮ್ಮದು 100ರ ಗೆರೆ ಮುಟ್ಟುವ ಮೊದಲೇ ಮಾಯ. ರಾಜ್ಯದ ಮಿತಿಯೇ 100. ಅರ್ಧಕ್ಕರ್ಧ ನಲ್ಲಿ ನೀರು ಬೆರೆಸಿ ಮತ್ತೆ ನೋಡಿದೆ, 70 ಬಂತು. ಅಂದರೆ ನಿಜಕ್ಕೂ 140.

ಇದಕ್ಕೆ ಔಷಧಿ ಹುಡುಕಬೇಡಿ. ನೀರು ಖಾಲಿ ಮಾಡಿ ಹೊಸದು ತುಂಬೋದೇ ದಾರಿ. ಮೂರರಲ್ಲಿ ಎರಡು ಪಾಲು ತೆಗೆದೆವು. ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಬಿಡುವ ಹಾಗಿಲ್ಲ, ಅದು ನೇರ ಕೊಲ್ಲಿಗೆ ಹೋಗುತ್ತೆ. ಕೊಳಚೆ ಲೈನಿಗೇ ಪೈಪ್ ಹಾಕಿದೆವು. ಬರಗಾಲದ ಊರಲ್ಲಿ ಅಷ್ಟು ನೀರು ಹರಿಯೋದು ನೋಡಿ ಹೊಟ್ಟೆ ಉರಿಯಿತು. ಅವತ್ತಿಂದ ದ್ರವ ಕ್ಲೋರಿನ್ ಮಾತ್ರ.

ಸ್ಪಾ ಇನ್ನೂ ತರಲೆ. ಶಾಖ 104 ಫ್ಯಾರನ್‌ಹೀಟ್ ದಾಟಬಾರದು, ಕ್ಲೋರಿನ್ 3ಕ್ಕಿಂತ ಕಡಿಮೆ ಇರಬಾರದು. ನಾಲ್ಕು ಜನ ಅರ್ಧ ಗಂಟೆ ಕೂತರೆ ಕ್ಲೋರಿನ್ ಮುಗಿದೇ ಹೋಯಿತು ಅನ್ನಿ. ಒಂದು ಭಾನುವಾರ ಕ್ಲೋರಿನ್ ಟೆಸ್ಟಿನ ಹನಿ ಹಾಕಿದರೆ, ಕ್ಲೋರಿನ್ ಇದ್ದರೆ ಬರಬೇಕಾದ ಗುಲಾಬಿ ಬಣ್ಣವೇ ಬರಲಿಲ್ಲ. ಕ್ಲೋರಿನ್ ಇಲ್ಲ ಅಂತ ಇನ್ನಷ್ಟು ಸುರಿದೆ. ಮತ್ತೆ ನೋಡಿದೆ, ಒಂದು ಕ್ಷಣ ಗುಲಾಬಿ ಮಿಂಚಿ ಮಾಯವಾಯಿತು. ಆಗ ಹೊಳೆಯಿತು. ಕ್ಲೋರಿನ್ ವಿಪರೀತ ಜಾಸ್ತಿ ಇದ್ದರೆ ಅದೇ ಬಣ್ಣವನ್ನು ತೊಳೆದುಬಿಡುತ್ತೆ! ಅವತ್ತು ಸ್ಪಾಗೆ ನಾನೇ ಬೀಗ ಹಾಕಿದೆ.

ಈಗ ದಿನವೂ ಕ್ಲೋರಿನ್, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ) ನೋಡಿ ಬರೆದಿಡುತ್ತೇನೆ. ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ಪುಸ್ತಕ ಎರಡು ವರ್ಷ ಇಟ್ಟಿರಬೇಕು. ಇಳಿಯುವ ಮೊದಲು ಸ್ನಾನ ಮಾಡಿ ಅಂತ ಬೋರ್ಡ್ ಇದೆ. ನಮ್ಮ ಕನ್ನಡದವರಿಗೆ ಬೇರೆಯಾಗಿ ಹೇಳಬೇಕಾಯಿತು, ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ ಅಂತ. ಒಬ್ಬರು ಅತ್ತೆಯವರಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಫಿಲ್ಟರ್ ಬಿಚ್ಚಿ ಜಿಡ್ಡು ತಿಕ್ಕೋನು ನಾನು ತಾನೇ.